ತುಟಿಯಳತೆ

ಜಿನ್ನಿನಲ್ಲಿ ಅರಳೆ ಬಿಟ್ಟುಕೊಟ್ಟ ಮೇಲೂ
ಹತ್ತಿಕಾಳು ಬೂದು ತುಪ್ಪಟ ಹೊದ್ದೇ ಬರುತ್ತದೆ.
ಲಾರಿಯಿಂದ ಸುರಿದರೆ ಸದ್ದಿಲ್ಲ,
ಒಂದರ ಮೈಗೊಂದು ಅಂಟಿ
ಮುದುರಿ ಮಲಗಿದ ಬೆಕ್ಕಿನ ಮರಿಗಳ ಹಾಗೆ.

ದಾವಣಗೆರೆಯ ನೂಲಿನ ಮಿಲ್ಲುಗಳು ಮುಚ್ಚಿದವು.
ನಮ್ಮದು ನೂಲಿನದಲ್ಲ,
ನೂಲು ಬೇಡವೆಂದದ್ದರ ಮಿಲ್ಲು.

ಒಂದೇ ಅಚ್ಚಿನ ಮೇಲೆ ನೂರಾನಲವತ್ತೊಂದು ಗರಗಸ,
ಊಟದ ತಟ್ಟೆಯಷ್ಟಗಲ. ಹಲ್ಲು ಎಣಿಸಲು ಹೋಗಬೇಡಿ.
ಕಾಳಿನ ಉರುಳೆ ಅದರೆದುರು ತಿರುಗುತ್ತದೆ, ತಿರುಗುತ್ತದೆ,
ಹಲ್ಲು ಸವರಿ ಹೋಗುತ್ತದೆ,
ಬ್ರಷ್ಷು ಹಲ್ಲಿನಿಂದ ಬಿಡಿಸಿ ಗಾಳಿಗೆ ಕೊಡುತ್ತದೆ,
ಗಾಳಿ ಹಿಂದಿನ ಕೋಣೆಗೆ.
ಆ ಕೋಣೆ ನನ್ನದು.

ಬಾಗಿಲು ತೆಗೆದರೆ ಮೊಣಕಾಲುದ್ದ ನವಿರು.
ಮೂಗಿಗೆ ಸೆರಗು, ಸೊಂಟಕ್ಕೆ ಗೋಣಿ ಬಿಗಿದು ಇಳಿಯುತ್ತೇನೆ.
ಹುಬ್ಬು, ರೆಪ್ಪೆ, ತೋಳಿನ ರೋಮ ಎಲ್ಲ ಬೆಳ್ಳಗೆ.
ಇಪ್ಪತ್ತಾರಕ್ಕೇ ನನಗೆ ಮುಪ್ಪು ಬಂದು
ಸಂಜೆ ನಲ್ಲಿಯ ಕೆಳಗೆ ಹರಿದುಹೋಗುತ್ತದೆ.

ರಜಾಕಸಾಬರು ಗರಗಸದ ಹಲ್ಲಿಗೆ ಅರ ಹಾಕುವವರು,
ಮೂವತ್ತೆಂಟು ವರ್ಷ.
ಮೊದಲೆಲ್ಲ ಗೇಟಿನ ಬಳಿ ಸೈಕಲ್ ಇಳಿಯುವಾಗಲೇ
‘ಎರಡನೇ ಮಷೀನು ಕಾಳು ಕಡೀತೈತಿ’ ಎನ್ನುತ್ತಿದ್ದರಂತೆ.
ಅದೇ ಸದ್ದು ಅವರ ಕಿವಿ ತಿಂದಿತು.
ಈಗ ಒಂದು ಹಿಡಿ ಕಾಳು ತೆಗೆದು
ಕೆಳದುಟಿಗೆ ಒತ್ತಿ, ಕಣ್ಣು ಮುಚ್ಚುತ್ತಾರೆ.
‘ಬೆರಳು ಸುಳ್ಳು ಹೇಳ್ತಾವ ದುರುಗವ್ವಾ,
ದಡ್ಡುಗಟ್ಟಿರ್ತಾವ. ತುಟಿಗೆ ದಡ್ಡಿಲ್ಲ.’

ಲ್ಯಾಬಿನ ತಿಪ್ಪೇಶ ಆಸಿಡ್ಡಿನಲ್ಲಿ ಕಾಳು ಸುಟ್ಟು, ಉಜ್ಜಿ, ತೂಗಿ
‘ಮೂರೂವರೆ ಪರ್ಸೆಂಟು ಉಳಿದಿದೆ’ ಎಂದು ಮಧ್ಯಾಹ್ನಕ್ಕೆ ಬರೆಯುತ್ತಾನೆ.
ಬೆಳಿಗ್ಗೆಯೇ ಅದನ್ನು ಹೇಳಿ ಮುಗಿಸಿದ ಸಾಬರು
ಹರಿಹರದ ರಸ್ತೆಯಾಚೆ ನಿಂತು ಬೀಡಿ ಎಳೆಯುತ್ತಿರುತ್ತಾರೆ.
(ಮಿಲ್ಲೊಳಗೆ ಕಡ್ಡಿ ಗೀರಿದರೆ ಮಿಲ್ಲೇ ಇಲ್ಲ.)

ಒಂದು ದಿನ ಕೈಸನ್ನೆಯಲ್ಲಿ ಕೇಳಿದೆ:
ಪೂರ್ತಿ ಬೋಳಿಸಿಬಿಡಬಾರದೇ,
ಜಾವಳ ತೆಗೆದ ಕೂಸಿನ ತಲೆಯ ಹಾಗೆ?
ಅವರೊಂದು ಕಾಳು ನನ್ನ ಅಂಗೈಲಿಟ್ಟರು.
ಸಿಪ್ಪೆ ಬಿರಿದು ಒಳಗಿನ ಹಳದಿ ಇಣುಕುತ್ತಿತ್ತು.
‘ಆಸೆಬುರುಕ ಹಲ್ಲಿನ ಕೆಲಸ. ನವಿರು ಮುಗಿದ ಮೇಲೂ ಮೇಯ್ತೈತಿ.
ಎಣ್ಣಿ ಇಲ್ಲೇ ಸೋರ್ತೈತಿ.
ನಿಲ್ಲಾದು ಗೊತ್ತಿರಬೇಕು.’

ಜಗಳೂರು ಕಡೆಯ ನಮ್ಮ ತುಂಡು ಎರೆಹೊಲಕ್ಕೆ
ಬಿತ್ತುವ ಹಿಂದಿನ ದಿನ ನಮ್ಮವ್ವ
ಹತ್ತಿಕಾಳಿಗೆ ಸಗಣಿ, ಬೂದಿ, ಕೆಮ್ಮಣ್ಣು ಕಲಸಿ
ಹಗ್ಗದ ಮಂಚದ ಮೇಲೆ ಉಜ್ಜುತ್ತಿದ್ದಳು.
ಅವಳು ನವಿರು ತೆಗೆಯುತ್ತಿರಲಿಲ್ಲ,
ಎಣ್ಣೆ ಹಚ್ಚಿ ತಲೆ ಬಾಚಿದಂತೆ ಒಪ್ಪವಾಗಿ ಮಲಗಿಸುತ್ತಿದ್ದಳು,
ಕೂರಿಗೆ ಬಟ್ಟಲಿಂದ ಒಂದೊಂದೇ ಇಳಿಯಲೆಂದು.
ಅಂಟಿಕೊಂಡವು ಬಿದ್ದಲ್ಲೇ ಜಗಳಾಡಿ ಸಾಯುತ್ತವೆ ಎನ್ನುತ್ತಿದ್ದಳು.
ಒಂದೇ ಕೌದಿಯಡಿ ಮಲಗುವ ನಾವು ಐವರು
ಕೇಳಿಸಿಕೊಂಡು ನಗುತ್ತಿದ್ದೆವು.

ಮೊದಲ ಕಟಾವು ಹಾಸಿಗೆಗೆ, ದಿಂಬಿಗೆ.
ಎರಡನೆಯದು ಗಿಡ್ಡ, ಕಂದು,
ಧೂಳಿಗಿಂತ ಎರಡೇ ಮೆಟ್ಟಿಲು ಮೇಲೆ.
ಅದನ್ನು ಬೇಯಿಸಿ, ಬಿಳಿ ಮಾಡಿ, ಕಾಗದ ಮಾಡುತ್ತಾರಂತೆ.
ತೋಪಿನ ಮದ್ದಿಗೂ ಹೋಗುತ್ತದಂತೆ. ನೋಟಿಗೂ.
ತಿಪ್ಪೇಶ ಹೇಳಿದ್ದು.
ತಿಪ್ಪೇಶ ಎಷ್ಟೋ ಹೇಳುತ್ತಾನೆ.

ಶನಿವಾರ ಬಟವಾಡೆ.
ಕಿಟಕಿಯಿಂದ ಈಚೆ ಬಂದು, ಗೇಟಿನ ಪಕ್ಕ
ಮಂಡಕ್ಕಿ ಗಾಡಿಯ ಬಲ್ಬಿನ ಕೆಳಗೆ ನಿಂತು
ಹೊಸ ನೋಟೊಂದನ್ನು ಕೆಳದುಟಿಗೆ ಒತ್ತಿ
ಕಣ್ಣು ಮುಚ್ಚಿದೆ.
ಮೆಣಸಿನಕಾಯಿ ಕರಿಯುವವನು
ಸೌಟು ಎತ್ತಿ ಹಿಡಿದುಕೊಂಡೇ ನೋಡಿದ.

ಏನೋ ಇತ್ತು.
ನುಣುಪಲ್ಲ, ಒರಟೂ ಅಲ್ಲ,
ಉಸಿರು ತಾಗಿದರೆ ಏಳುವಂಥದು.
‘ನಮ್ಮ ಕೋಣೇದಿರಬೇಕು ಸಾಬ್ರೇ’ ಅಂದೆ.

ಬೆನ್ನು ಹಾಕಿ ಸೈಕಲ್ ಬೀಗ ತೆಗೆಯುತ್ತಿದ್ದರು.
ಕೇಳಿಸಲಿಲ್ಲ.